ಸಿರಾ ದ್ರಾಕ್ಷಿಯ ನಾಮವಿಚಾರವೂ ಅದರ ಮದ್ಯದ ದೇಶಭೇದಗಳೂ

ಮೃದ್ವೀಕೆಯ ರಸದಿಂದಾದ ಮದ್ಯಕ್ಕೆ ಮಧುವೆಂದು ಹೆಸರಿಟ್ಟ ಕೌಟಿಲ್ಯನು, ಅದು ಹುಟ್ಟಿದ ದೇಶವೇ ಅದರ ವಿವರಣೆಯೆಂದು ಹೇಳಿ, ಕಾಪಿಶಾಯನ, ಹಾರಹೂರಕ ಎಂಬೆರಡನ್ನು ಉದಾಹರಿಸುತ್ತಾನೆ. ಕಾಪಿಶೀ ಶಬ್ದದಿಂದ ಕಾಪಿಶಾಯನ ರೂಪವು ಸಿದ್ಧಿಸುವುದಕ್ಕೆ ಪಾಣಿನಿಯು ಒಂದು ಸೂತ್ರವನ್ನೇ ಮಾಡಿರುವನು. ಮದ್ಯವನ್ನು ಬಳ್ಳಿಯ ಜಾತಿಯಿಂದಲ್ಲದೆ ನೆಲದಿಂದ ಗುರುತಿಸುವ ಈ ಪದ್ಧತಿಯು ಫ್ರಾನ್ಸಿನಲ್ಲಿ ಇಂದಿಗೂ ಜೀವಂತವಾಗಿದೆ. ರೋನ್ ನದಿಯ ಉತ್ತರಭಾಗದಲ್ಲಿ ಸಿರಾ ಎಂಬ ಕಪ್ಪು ದ್ರಾಕ್ಷಿಯಿಂದ ಮಾಡುವ ಮದ್ಯಗಳು ಕೋತ್ ರೋತಿ, ಎರ್ಮಿತಾಜ್, ಕೋರ್ನಾಸ್ ಎಂಬ ಸ್ಥಳನಾಮಗಳಿಂದಲೇ ಪ್ರಸಿದ್ಧವಾಗಿವೆ. ಅದೇ ದ್ರಾಕ್ಷಿಯು ಆಸ್ಟ್ರೇಲಿಯದಲ್ಲಿ ಷಿರಾಜ್ ಎನಿಸಿಕೊಂಡಿದೆ. ಇದೂ ಸ್ಥಳನಾಮವೇ, ಆದರೆ ಪಾರಸೀಕ ದೇಶದ ಆ ನಗರಕ್ಕೂ ಈ ಬಳ್ಳಿಗೂ ಸಂಬಂಧವುಂಟೇ ಎಂಬುದು ವಿಚಾರಣೀಯವಾಗಿದೆ.

ಸಂಬಂಧವುಂಟೆಂದು ಹೇಳುವ ಐತಿಹ್ಯವು ಹೀಗಿದೆ. ಗಾಸ್ಪಾರ್ ದ ಸ್ತೆರಾಂಬೆರ್ ಎಂಬ ಯೋಧನು 1224ರಲ್ಲಿ ಧರ್ಮಯುದ್ಧದಿಂದ ಮರಳಿ, ತಾಂ ಊರಿನ ಮೇಲಣ ಬೆಟ್ಟದಲ್ಲಿ ಸಂನ್ಯಾಸಿಯಾಗಿ ನೆಲಸಿ, ಪಾರಸೀಕದಿಂದ ತಂದ ಬಳ್ಳಿಯನ್ನು ನೆಟ್ಟನಂತೆ. ಎರ್ಮಿತಾಜ್ ಎಂದರೆ ಆಶ್ರಮವೆಂದೇ ಅರ್ಥ. ಆದರೆ ಅವನು ಕಾದಿದ ಯುದ್ಧವು ಆಲ್ಬಿಜೆನ್ಸ್ ಪಂಥದವರ ಮೇಲಣದು, ಫ್ರಾನ್ಸಿನ ದಕ್ಷಿಣದಲ್ಲಿಯೇ ನಡೆದುದು. ಅಲ್ಲಿಂದ ಹಿಂದಿರುಗಿದವನ ಕೈಯಲ್ಲಿ ಪಾರಸೀಕದ ಬಳ್ಳಿ ಬಂದುದೆಂತು? ಮತ್ತೆ ಕೆಲವರು ಸಿಸಿಲಿಯ ಸಿರಕ್ಯೂಸ್ ನಗರವನ್ನು ಮುಂದಿಟ್ಟಿರುವರು. ಧ್ವನಿಸಾಮ್ಯವೊಂದೇ ಪ್ರಮಾಣವಾಗುವುದಾದರೆ ನಮ್ಮ ತುಮಕೂರು ಸೀಮೆಯ ಸಿರಾ ಪಟ್ಟಣದವರೂ ಈ ವ್ಯಾಜ್ಯದಲ್ಲಿ ವಾದಿಗಳಾಗಿ ನಿಲ್ಲಬಹುದು.

ಈ ವಿವಾದವು 1998ರಲ್ಲಿ ಮುಗಿಯಿತು. ಕ್ಯಾಲಿಫೋರ್ನಿಯದ ಕ್ಯಾರೊಲ್ ಮೆರೆಡಿತ್ ಎಂಬ ವಿದುಷಿಯ ತಂಡದವರು ಮೋಂಪೆಲಿಯೆಯ ದ್ರಾಕ್ಷಿಸಂಗ್ರಹದ ನೆರವಿನಿಂದ ಬಳ್ಳಿಗಳ ಡಿಎನ್‌ಎ ಪರೀಕ್ಷಿಸಿ, ಸಿರಾದ ತಾಯಿ ಮೊಂದೂಜ್ ಬ್ಲಾಂಶ್ ಎಂಬ ಬಿಳಿಯ ದ್ರಾಕ್ಷಿಯೆಂದೂ ತಂದೆ ದ್ಯುರೆಜಾ ಎಂಬ ಕಪ್ಪು ದ್ರಾಕ್ಷಿಯೆಂದೂ ನಿರ್ಣಯಿಸಿದರು. ಮೊದಲನೆಯದು ಸಾವೋಯ್ ಪ್ರಾಂತದ್ದು, ಎರಡನೆಯದು ಆರ್ದೆಶ್ ಪ್ರಾಂತದ್ದು. ಎರಡೂ ರೋನ್ ನದಿಗೆ ಸಮೀಪದವು. ಬಳ್ಳಿಯು ದೇಶ್ಯವೇ ಹೊರತು ಆಗಂತುಕವಲ್ಲ.

ಹೆಸರು ಬದಲಾದುದು ಪ್ರಯಾಣದಲ್ಲಿ. 1832ರಲ್ಲಿ ಜೇಮ್ಸ್ ಬಸ್ಬಿಯು ಯೂರೋಪಿನ ಬಳ್ಳಿಗಳ ಕಡ್ಡಿಗಳನ್ನು ಸಿಡ್ನಿಗೆ ಮುಟ್ಟಿಸಿದನು. ಆ ಶತಮಾನದ ಆಸ್ಟ್ರೇಲಿಯದ ಬರಹಗಳಲ್ಲಿ ಸ್ಕಿರಾಸ್ ಎಂಬ ರೂಪವು ಕಂಡುಬರುವುದರಿಂದ, ಅದೇ ಬಾಯಿಂದ ಬಾಯಿಗೆ ಸವೆದು ಷಿರಾಜ್ ಆಗಿರಬೇಕು. ಅಲ್ಲಿ ಇದಕ್ಕೆ ಹರ್ಮಿಟೇಜ್ ಎಂಬ ಹೆಸರೂ ಇದ್ದಿತು. ಮ್ಯಾಕ್ಸ್ ಶೂಬರ್ಟನು 1951ರಲ್ಲಿ ಮೊದಲು ಮಾಡಿದ ಗ್ರೇಂಜ್ ಹರ್ಮಿಟೇಜ್ ಎಂಬ ಮದ್ಯವು 1990ರ ಬೆಳೆಯಿಂದೀಚೆಗೆ ಆ ಫ್ರೆಂಚ್ ಸ್ಥಳನಾಮವನ್ನು ಬಿಟ್ಟುಕೊಟ್ಟು ಗ್ರೇಂಜ್ ಮಾತ್ರವಾಯಿತು. ದೇಶನಾಮವು ಜಾತಿನಾಮವಾಗಿ ಅಲೆದು, ಕಡೆಗೆ ಸ್ವಸ್ಥಾನಕ್ಕೆ ಮರಳಿದ ನಿದರ್ಶನವಿದು.

ಇನ್ನು ಆಸ್ವಾದದ ಮಾತು. ಕೋತ್ ರೋತಿ ಎಂದರೆ ಬೆಂದ ಇಳಿಜಾರು. ಅಲ್ಲಿ ವಿಯೊನಿಯೆ ಎಂಬ ಬಿಳಿಯ ದ್ರಾಕ್ಷಿಯನ್ನು ನೂರಕ್ಕೆ 20ರವರೆಗೆ ಸೇರಿಸಲು ನಿಯಮವು ಅವಕಾಶಕೊಡುತ್ತದೆ. ರಸವು ಹೂವಿನ ಕಂಪುಳ್ಳದ್ದು, ಹೊಗೆಯ ಛಾಯೆಯುಳ್ಳದ್ದು. ಬೆಣಚುಕಲ್ಲಿನ ಎರ್ಮಿತಾಜ್ ಬೆಟ್ಟದ್ದು ಗಾಢವೂ ಕಷಾಯಪ್ರಧಾನವೂ ಆಗಿ, ದಶಕಗಳ ಕಾಲ ಪಕ್ವವಾಗುತ್ತ ನಿಲ್ಲಬಲ್ಲುದು. 18, 19ನೆಯ ಶತಮಾನಗಳಲ್ಲಿ ಬೋರ್ಡೊ ವರ್ತಕರು ತಮ್ಮ ತೆಳು ಮದ್ಯಕ್ಕೆ ಇದನ್ನು ಬೆರೆಸಿ ಬಲಗೊಳಿಸುತ್ತಿದ್ದರು. ಕೋರ್ನಾಸ್ ಅಮಿಶ್ರವಾದ ಸಿರಾ, ಎಳೆಯದರಲ್ಲಿ ಒರಟು. ದಕ್ಷಿಣ ಆಸ್ಟ್ರೇಲಿಯದ ಬರೋಸಾ ಕಣಿವೆಯಲ್ಲಾದರೋ ಬಿಸಿಲು ಹೆಚ್ಚು, ಹಣ್ಣು ಪೂರ್ಣಪಕ್ವ. ಮದ್ಯವು ಮಂದ್ರವಾಗಿ, ಸಿಹಿಗೆ ಸಮೀಪವಾಗಿ, ಉಷ್ಣವಾಗಿರುತ್ತದೆ. ಫಿಲಾಕ್ಸೆರ ಎಂಬ ಬೇರುಕೀಟವು ಅಲ್ಲಿಗೆ ಹೋಗದುದರಿಂದ 1843ರಲ್ಲಿ ನೆಟ್ಟ ಬಳ್ಳಿಗಳು ಅಲ್ಲಿ ಇನ್ನೂ ಫಲಕೊಡುತ್ತಿವೆ. ಮೂಲಸ್ಥಾನದಲ್ಲಿ ಅಂಥ ಮುದಿಬಳ್ಳಿಗಳು ಕೀಟಕ್ಕೆ ತುತ್ತಾದವು.

ಸಿರಾದ ವಿಶಿಷ್ಟವಾದ ಮೆಣಸಿನ ವಾಸನೆಯ ಕಾರಣವು ರೋಟಂಡೋನ್ ಎಂಬ ದ್ರವ್ಯವೆಂದು ಆಸ್ಟ್ರೇಲಿಯದ ಶೋಧಕರು 2008ರಲ್ಲಿ ಪ್ರಕಟಿಸಿದರು. ಕರಿಮೆಣಸಿನಲ್ಲಿರುವುದೂ ಅದೇ. ತಂಪುನೆಲದ ಹಣ್ಣಿನಲ್ಲಿ ಅದು ಹೆಚ್ಚು. ಪರೀಕ್ಷೆಗೆ ಕುಳಿತವರಲ್ಲಿ ಸುಮಾರು ಐದನೆಯ ಒಂದು ಪಾಲಿನವರಿಗೆ ಅದರ ವಾಸನೆಯೇ ತಿಳಿಯಲಿಲ್ಲವೆಂಬುದು, ಸಹೃದಯಲಕ್ಷಣವನ್ನು ಚರ್ಚಿಸುವ ಅಲಂಕಾರಿಕರಿಗೆ ಸ್ವಾರಸ್ಯವಾದೀತು.

ಷಿರಾಜ್ ಎಂಬುದರ ಯೋಗಾರ್ಥವು ಹೀಗೆ ಬಿದ್ದುಹೋದರೂ ರೂಢ್ಯರ್ಥವು ಬಲಿತಿದೆ. ಈಗ ಅನ್ಯದೇಶಗಳ ತಯಾರಕರಲ್ಲಿ ಹಲವರು ರೋನ್ ರೀತಿಯ ಮಿತವಾದ ಮದ್ಯಕ್ಕೆ ಸಿರಾ ಎಂದೂ ಆಸ್ಟ್ರೇಲಿಯ ರೀತಿಯ ಪುಷ್ಟವಾದುದಕ್ಕೆ ಷಿರಾಜ್ ಎಂದೂ ಬರೆಯುತ್ತಾರೆ. ನಂದಿಬೆಟ್ಟದ ತಪ್ಪಲಿನ ತೋಟಗಳ ಮದ್ಯವೂ ಷಿರಾಜ್ ಎಂಬ ಹೆಸರಿನಿಂದಲೇ ಹೊರಡುತ್ತಿದೆ. ಕೌಟಿಲ್ಯನ ಲೆಕ್ಕದಲ್ಲಿ ಅದು ನಾಂದಿಕವೆನ್ನಿಸಬೇಕಾಗಿದ್ದಿತು.