ಗೋಡೆ, ಸುಣ್ಣ ಮತ್ತು ರೋಲರ್

ಮೇ ತಿಂಗಳು ಬಂತೆಂದರೆ ನಮ್ಮ ಕಾಸರಗೋಡಿನ ಶಾಲೆಗಳಲ್ಲಿ ಗೋಡೆಯದ್ದೇ ಮಾತು. ಜೂನ್ ಆರಂಭಕ್ಕೆ ಬಾಗಿಲು ತೆರೆಯಬೇಕು. ಅದಕ್ಕೆ ಮೊದಲು ಕಟ್ಟಡದ ಫಿಟ್‌ನೆಸ್ ಸರ್ಟಿಫಿಕೇಟ್ ಆಗಬೇಕು, ಹಂಚು ಸರಿ ಮಾಡಬೇಕು, ಬಣ್ಣ ಬಳಿಯಬೇಕು. ರಕ್ಷಕ ಶಿಕ್ಷಕ ಸಂಘದ ಮೀಟಿಂಗಿನಲ್ಲಿ ಒಬ್ಬರು ಬ್ರಶ್ ಸಾಕು ಅನ್ನುತ್ತಾರೆ, ಇನ್ನೊಬ್ಬರು "ಈಗ ಯಾರು ಮಾರಾಯ್ರೇ ಬ್ರಶ್ ಹಿಡೀತಾರೆ, ರೋಲರ್ ತನ್ನಿ, ಎರಡು ದಿವಸದಲ್ಲಿ ಮುಗೀತದೆ" ಅನ್ನುತ್ತಾರೆ. ಅಂಗಡಿಗೆ ಹೋದರೆ ಅಲ್ಲಿ ಹತ್ತು ನಮೂನೆಯ ರೋಲರುಗಳು ತೂಗಾಡುತ್ತಿರುತ್ತವೆ. ಅಂಗಡಿಯವರು ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ, ನಾವು ತರುತ್ತೇವೆ.

ಯಾವ ಗೋಡೆಗೆ ಯಾವ ರೋಲರ್ ಎನ್ನುವುದಕ್ಕೆ ಒಂದು ಲೆಕ್ಕ ಇದೆ. ಆ ಲೆಕ್ಕ ಅರ್ಥವಾಗಬೇಕಾದರೆ ಈ ಸಾಧನ ಎಲ್ಲಿಂದ ಬಂತು, ಅದಕ್ಕೆ ಮೊದಲು ನಮ್ಮ ಗೋಡೆಗಳ ಮೇಲೆ ಏನಿತ್ತು ಎಂದು ಸ್ವಲ್ಪ ತಿಳಿಯಬೇಕು.

ಮೊದಲು ಗೋಡೆ. ನಮ್ಮ ಕಡೆಯ ಹಳೆಯ ಶಾಲೆಗಳೆಲ್ಲ ಕೆಂಪು ಮುರಕಲ್ಲಿನವು. ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟವರು ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನದ ನಂತರ, 1800-01ರಲ್ಲಿ, ಅವರು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದರು. ಮಲಬಾರಿನ ಅಂಗಾಡಿಪುರದಲ್ಲಿ ಕಂಡ ಕಲ್ಲನ್ನು ವಿವರಿಸುತ್ತ, 1807ರಲ್ಲಿ ಪ್ರಕಟವಾದ ತಮ್ಮ ಪ್ರವಾಸ ಗ್ರಂಥದಲ್ಲಿ ಈ ಹೆಸರನ್ನು ಬಳಸಿದರು. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ನೆಲದಿಂದ ಕಡಿಯುವಾಗ ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಕಲ್ಲು ಇದು. ಮೈತುಂಬ ತೂತು. ಮಳೆಗಾಲದಲ್ಲಿ ನೀರು ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಈ ಗುಣ ಸಣ್ಣ ಸಂಗತಿಯಲ್ಲ.

ಇಂಥ ಗೋಡೆಗೆ ನಮ್ಮ ಹಿರಿಯರು ಬಳಿದದ್ದು ಚಿಪ್ಪಿನ ಸುಣ್ಣ. ಹೊಳೆ ಕಡಲು ಸೇರುವಲ್ಲಿ ಸಿಗುವ ಚಿಪ್ಪುಗಳನ್ನು ಒಟ್ಟುಮಾಡಿ, ಇದ್ದಿಲಿನ ಜೊತೆ ಗೂಡಿನಲ್ಲಿ ಸುಟ್ಟು, ನೀರು ಹಾಕಿ ಅರಳಿಸಿದರೆ ಸುಣ್ಣ. ಮಲಯಾಳದಲ್ಲಿ ಇದಕ್ಕೆ ಕುಮ್ಮಾಯ ಎನ್ನುತ್ತಾರೆ. ಅದನ್ನು ತೆಳ್ಳಗೆ ಹಾಲಿನ ಹಾಗೆ ಕಲಸಿ, ಬಟ್ಟೆಯಲ್ಲಿ ಸೋಸಿ, ಹಿಡಿಯಲಿಕ್ಕೆ ಸ್ವಲ್ಪ ಅಂಟು, ಬೆಳ್ಳಗೆ ಕಾಣಲು ಚೂರು ನೀಲಿ ಹಾಕುತ್ತಿದ್ದರು. ಸಂಗತಿಯೊಂದು ನನಗೆ ಏಳನೇ ತರಗತಿಯ ಮಕ್ಕಳಿಗೆ ಹೇಳಲು ಬಹಳ ಇಷ್ಟ. ಚಿಪ್ಪು ಎಂದರೆ ಕ್ಯಾಲ್ಸಿಯಂ ಕಾರ್ಬೋನೇಟ್. ಸುಟ್ಟಾಗ ಅದರಿಂದ ಇಂಗಾಲದ ಡೈ ಆಕ್ಸೈಡ್ ಹೊರಟುಹೋಗುತ್ತದೆ. ಗೋಡೆಗೆ ಬಳಿದ ಮೇಲೆ ಸುಣ್ಣ ಅದೇ ಅನಿಲವನ್ನು ಗಾಳಿಯಿಂದ ವಾಪಸು ಎಳೆದುಕೊಂಡು ಪುನಃ ಕ್ಯಾಲ್ಸಿಯಂ ಕಾರ್ಬೋನೇಟ್ ಆಗುತ್ತದೆ. ಅಂದರೆ ತರಗತಿಯ ಗೋಡೆಯ ಮೇಲೆ ಇರುವುದು ಚಿಪ್ಪೇ, ತೆಳುವಾಗಿ ಹಾಸಿದ ಚಿಪ್ಪು. ಅದರ ಮೂಲಕ ಗೋಡೆಯ ತೇವ ಹೊರಗೆ ಹೋಗಬಲ್ಲದು.

ಬಳಿಯುತ್ತಿದ್ದದ್ದು ಯಾವುದರಿಂದ? ಕೇದಗೆಯ ಬಿಳಲನ್ನು ತುಂಡು ಮಾಡಿ, ತುದಿಯನ್ನು ಜಜ್ಜಿ ನಾರು ಬಿಡಿಸಿದರೆ ಅದೇ ಕುಂಚ. ತೆಂಗಿನ ಸಿಪ್ಪೆಯೂ ನಡೆಯುತ್ತಿತ್ತು. ಉತ್ತರ ಭಾರತದಲ್ಲಿ ಮೂಂಜ್ ಎಂಬ ಹುಲ್ಲಿನ ಕುಂಚ. ಎಲ್ಲವೂ ಸಸ್ಯದ ನಾರು ಎಂಬುದನ್ನು ಗಮನಿಸಿ. ಸುಣ್ಣದ ನೀರು ಕಟು ಕ್ಷಾರ. ಹಂದಿಯ ಕೂದಲು, ಕುರಿಯ ಉಣ್ಣೆ ಇವೆಲ್ಲ ಪ್ರೋಟೀನ್, ಕ್ಷಾರ ಅವನ್ನು ತಿಂದುಹಾಕುತ್ತದೆ. ಸಸ್ಯದ ನಾರು ತಡೆದುಕೊಳ್ಳುತ್ತದೆ. ರಸಾಯನಶಾಸ್ತ್ರ ಓದದ ನಮ್ಮ ಅಜ್ಜಂದಿರಿಗೆ ಇದು ಗೊತ್ತಿತ್ತು.

ಇನ್ನು ರೋಲರ್. ಇದು ಹುಟ್ಟಿದ್ದು ಅಟ್ಲಾಂಟಿಕ್ ಸಾಗರದ ಆಚೆ, ಎರಡನೇ ಮಹಾಯುದ್ಧದ ಹೊತ್ತಿನಲ್ಲಿ. ಟೊರಾಂಟೊದ ನಾರ್ಮನ್ ಬ್ರೇಕಿ ಎಂಬವರು 1940ರಲ್ಲಿ ಇದನ್ನು ಕಂಡುಹಿಡಿದರು ಎಂದು ಕೆನಡಾದವರು ಹೇಳಿಕೊಳ್ಳುತ್ತಾರೆ. ಅವರಿಗೆ ಅದರಿಂದ ದುಡ್ಡೇನೂ ಆಗಲಿಲ್ಲ. ಅಮೆರಿಕದಲ್ಲಿ ಶೆರ್ವಿನ್-ವಿಲಿಯಮ್ಸ್ ಎಂಬ ಪೈಂಟ್ ಕಂಪೆನಿಯಲ್ಲಿದ್ದ ರಿಚರ್ಡ್ ಕ್ರಾಕ್ಸ್‌ಟನ್ ಆಡಮ್ಸ್ ಅದೇ 1940ರಲ್ಲಿ ಅರ್ಜಿ ಹಾಕಿ 1942ರಲ್ಲಿ ಪೇಟೆಂಟ್ ಪಡೆದರು. ಯಾರು ಮೊದಲು ಎಂಬ ಜಗಳ ನಮಗೆ ಬೇಡ. ಒಂದು ಕೋಲಿಗೆ ಉರುಳೆ ಸಿಕ್ಕಿಸುವ ಬುದ್ಧಿ ಮನುಷ್ಯನಿಗೆ ಅಷ್ಟು ತಡವಾಗಿ ಯಾಕೆ ಬಂತು ಎಂಬುದು ನನಗೆ ಹೆಚ್ಚು ಕುತೂಹಲದ ಪ್ರಶ್ನೆ.

ಉತ್ತರ ಪೈಂಟಿನಲ್ಲಿದೆ. ಅಲ್ಲಿಯವರೆಗೆ ಅಮೆರಿಕದ ಮನೆಗಳಲ್ಲಿ ಒಳ್ಳೆಯ ಪೈಂಟ್ ಎಂದರೆ ಅಗಸೆ ಎಣ್ಣೆಯ ಪೈಂಟ್. ದಪ್ಪ, ಅಂಟಂಟು, ಒಣಗಲು ನಿಧಾನ, ಮನೆಯಿಡೀ ವಾಸನೆ. ಅದನ್ನು ಬ್ರಶ್ಶಿನಿಂದ ಎಳೆದು ಎಳೆದು ಸಮ ಮಾಡುವುದು ವರ್ಷಗಟ್ಟಲೆ ಕಲಿತವರ ಕೆಲಸ. ಯುದ್ಧ ಬಂದಾಗ ಎಣ್ಣೆಗೂ ಬರ, ಕೆಲಸದವರಿಗೂ ಬರ. ಆಗ, 1941ರಲ್ಲಿ, ಶೆರ್ವಿನ್-ವಿಲಿಯಮ್ಸ್ ಕಂಪೆನಿ ಕೆಮ್-ಟೋನ್ ಎಂಬ ಹೊಸ ಪೈಂಟನ್ನು ಮಾರುಕಟ್ಟೆಗೆ ತಂದಿತು. ಹಾಲಿನಲ್ಲಿರುವ ಕೇಸಿನ್ ಎಂಬ ಪ್ರೋಟೀನಿನ ನೆರವಿನಿಂದ ಎಣ್ಣೆಯ ಅಂಶವನ್ನು ನೀರಿನಲ್ಲಿ ಬೆರೆಸಿದ ಪೈಂಟ್ ಅದು. ನೀರು ಹಾಕಿ ತೆಳ್ಳಗೆ ಮಾಡಬಹುದು, ಬೇಗ ಒಣಗುತ್ತದೆ. ಇದನ್ನು ಬಳಿಯಲು ಅದೇ ಕಂಪೆನಿ ರೋಲರನ್ನೂ ಮಾರಿತು. ಪೈಂಟರ್ ಸಿಗದ ಮನೆಗಳಲ್ಲಿ ಮನೆಯವರೇ ಗೋಡೆಗೆ ಬಣ್ಣ ಹಚ್ಚಿದರು. ಅಮೆರಿಕದ ರಸಾಯನ ವಿಜ್ಞಾನ ಸಂಘ 1996ರಲ್ಲಿ ಕೆಮ್-ಟೋನನ್ನು ಐತಿಹಾಸಿಕ ಹೆಗ್ಗುರುತು ಎಂದು ಗುರುತಿಸಿತು.

ಮುಂದೆ 1948ರಲ್ಲಿ ಗ್ಲಿಡನ್ ಕಂಪೆನಿಯ ಲೇಟೆಕ್ಸ್ ಪೈಂಟ್ ಬಂತು. 1953ರಲ್ಲಿ ರೋಮ್ ಅಂಡ್ ಹಾಸ್ ಕಂಪೆನಿ ಪೈಂಟಿಗಾಗಿ ಅಕ್ರಿಲಿಕ್ ಎಮಲ್ಶನ್ ತಯಾರಿಸಿತು. ನಮ್ಮ ಅಂಗಡಿಗಳಲ್ಲಿ ಇವತ್ತು ಸಿಗುವ ಎಮಲ್ಶನುಗಳು ಅದರ ಮೊಮ್ಮಕ್ಕಳು. ಈ ಪೈಂಟಿಗೊಂದು ವಿಶೇಷ ಗುಣ: ಡಬ್ಬದಲ್ಲಿ ಗಟ್ಟಿ ಮೊಸರಿನ ಹಾಗೆ ಇರುತ್ತದೆ, ಉಜ್ಜಿದಾಗ ತೆಳ್ಳಗಾಗುತ್ತದೆ, ಕೈ ಬಿಟ್ಟ ಕೂಡಲೇ ಪುನಃ ಗಟ್ಟಿ. ಹಾಗಾಗಿ ಉರುಳೆಯಲ್ಲಿ ನಿಲ್ಲುತ್ತದೆ, ಗೋಡೆಯಲ್ಲಿ ಹರಡುತ್ತದೆ, ಕೆಳಗೆ ಹರಿಯುವುದಿಲ್ಲ. ಹಾಲಿನಂಥ ಸುಣ್ಣವನ್ನು ರೋಲರಿನಲ್ಲಿ ಬಳಿಯಲು ಹೊರಟವನ ತಲೆಯ ಮೇಲೆ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ರೋಲರನ್ನು ಎಲ್ಲರೂ ಸಂತೋಷದಿಂದ ಬರಮಾಡಿಕೊಂಡರು ಎಂದುಕೊಳ್ಳಬೇಡಿ. ಅಮೆರಿಕದ ಹಲವು ಕಡೆ ಪೈಂಟರುಗಳ ಕಾರ್ಮಿಕ ಸಂಘಗಳು ರೋಲರಿಗೆ, ಸ್ಪ್ರೇ ಗನ್ನಿಗೆ ನಿರ್ಬಂಧ ಹಾಕಿದ್ದವು. ಬ್ರಶ್ ಇಂತಿಷ್ಟೇ ಅಗಲ ಇರಬೇಕು ಎಂಬ ನಿಯಮವೂ ಇತ್ತು. ಕೇಳಿದರೆ ನಗು ಬರಬಹುದು. ಆದರೆ ನಾಲ್ಕು ದಿನದ ಕೂಲಿ ಎರಡು ದಿನಕ್ಕೆ ಇಳಿಯುವಾಗ ನಗಲು ಆಗುವುದಿಲ್ಲ. ನಮ್ಮ ಮಕ್ಕಳ ತಂದೆಯಂದಿರಲ್ಲಿ ಪೈಂಟ್ ಕೆಲಸದವರು ಎಷ್ಟೋ ಜನ ಇದ್ದಾರೆ, ಅವರಿಗೆ ಇದು ಗೊತ್ತು.

ಭಾರತಕ್ಕೆ ಬರೋಣ. ಏಶಿಯನ್ ಪೈಂಟ್ಸ್ ಕಂಪೆನಿಯನ್ನು ನಾಲ್ವರು ಗೆಳೆಯರು ಮುಂಬಯಿಯಲ್ಲಿ ಕಟ್ಟಿದ್ದು 1942ರಲ್ಲಿ. ಅದಕ್ಕೂ ಯುದ್ಧವೇ ಕಾರಣ, ಹೊರಗಿನಿಂದ ಪೈಂಟ್ ಬರುವುದು ನಿಂತಿತ್ತು. 1954ರಲ್ಲಿ ಆ ಕಂಪೆನಿಗಾಗಿ ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣ್ ‘ಗಟ್ಟು’ ಎಂಬ ತುಂಟ ಹುಡುಗನ ಚಿತ್ರ ಬರೆದರು. ನನ್ನ ವಯಸ್ಸಿನವರಿಗೆ ಆ ಹುಡುಗ ನೆನಪಿರಬೇಕು. ಅವನ ಕೈಯಲ್ಲಿ ಇದ್ದದ್ದು ಬಣ್ಣ ತೊಟ್ಟಿಕ್ಕುವ ಬ್ರಶ್, ರೋಲರ್ ಅಲ್ಲ. 2000ದ ದಶಕದ ಆರಂಭದಲ್ಲಿ ಅವನು ಡಬ್ಬಗಳಿಂದ ಮಾಯವಾಗುವ ತನಕವೂ ಬ್ರಶ್ಶೇ. ನಮ್ಮ ಗೋಡೆಗಳು ಆಗ ಸುಣ್ಣದಿಂದ ಡಿಸ್ಟೆಂಪರಿಗೆ ಬಂದಿದ್ದವು ಅಷ್ಟೇ. ಸಾರಣೆ ಒರಟು, ಉಬ್ಬುತಗ್ಗು. ಬಿಳಿ ಸಿಮೆಂಟಿನ ಪುಟ್ಟಿ ಹಾಕಿ, ಉಜ್ಜುಕಾಗದದಿಂದ ಉಜ್ಜಿ ಗೋಡೆಯನ್ನು ನುಣ್ಣಗೆ ಮಾಡುವ ಪದ್ಧತಿ ಸಾಮಾನ್ಯವಾದ ಮೇಲೆ, ಎಮಲ್ಶನ್ ಜನಸಾಮಾನ್ಯರ ಮನೆಗೆ ಬಂದ ಮೇಲೆ, ರೋಲರಿಗೂ ಇಲ್ಲಿ ಜಾಗ ಸಿಕ್ಕಿತು.

ಹಾಗಾದರೆ ಅಂಗಡಿಯಲ್ಲಿ ಏನು ನೋಡಬೇಕು? ಬಣ್ಣ, ಬೆಲೆ, ಹಿಡಿಕೆ ಇವೆಲ್ಲ ಆಮೇಲೆ. ಮೊದಲು ನೋಡಬೇಕಾದ್ದು ಉರುಳೆಯ ಮೇಲಿನ ರೋಮದ ಉದ್ದ. ಗೋಡೆ ನುಣ್ಣಗಿದ್ದಷ್ಟು ರೋಮ ಗಿಡ್ಡ, ಒರಟಾದಷ್ಟು ಉದ್ದ. ಪುಟ್ಟಿ ಹಾಕಿ ಉಜ್ಜಿದ ಗೋಡೆಗೆ 6ರಿಂದ 10 ಮಿಲಿಮೀಟರ್ ಸಾಕು. ಪುಟ್ಟಿ ಇಲ್ಲದ ಸಾದಾ ಸಿಮೆಂಟ್ ಸಾರಣೆಗೆ 12ರ ಆಸುಪಾಸು. ಸಾರಣೆಯೇ ಇಲ್ಲದ, ತೂತುಗಳು ಕಾಣುವ ಮುರಕಲ್ಲಿಗೆ 18 ಅಥವಾ ಅದಕ್ಕಿಂತ ಉದ್ದ, ಇಲ್ಲದಿದ್ದರೆ ತೂತಿನೊಳಗೆ ಪೈಂಟ್ ಹೋಗುವುದೇ ಇಲ್ಲ. ನುಣುಪು ಗೋಡೆಗೆ ಉದ್ದ ರೋಮದ್ದು ಹಾಕಿದರೆ ಕಿತ್ತಳೆ ಸಿಪ್ಪೆಯ ಹಾಗೆ ಕಾಣುತ್ತದೆ, ಪೈಂಟೂ ಜಾಸ್ತಿ ಹೋಗುತ್ತದೆ.

ನೀರಿನ ಪೈಂಟಿಗೆ ಪಾಲಿಯೆಸ್ಟರ್, ಮೈಕ್ರೋಫೈಬರಿನಂಥ ಕೃತಕ ನಾರು ಒಳ್ಳೆಯದು. ಕುರಿ ಉಣ್ಣೆ ನೀರಿನ ಪೈಂಟಿನಲ್ಲಿ ಜಡೆಗಟ್ಟುತ್ತದೆ, ಅದು ಎಣ್ಣೆ ಪೈಂಟಿಗೆ ಸರಿ. ತರಗತಿಗಳಲ್ಲಿ ಮಕ್ಕಳ ಕೈ ತಾಗುವ ಎತ್ತರದವರೆಗೆ ಎನಾಮಲ್ ಹೊಡೆಯುತ್ತೇವಲ್ಲ, ಅಲ್ಲಿಗೆ ತೀರಾ ಗಿಡ್ಡ ರೋಮದ್ದು ಅಥವಾ ಸ್ಪಂಜಿನದ್ದು. ಸ್ಪಂಜನ್ನು ಎಮಲ್ಶನಿಗೆ ಬಳಸಿದರೆ ಗುಳ್ಳೆ ಏಳುತ್ತದೆ. ಒಂಬತ್ತು ಇಂಚಿನದ್ದು ಗೋಡೆಗೆ, ನಾಲ್ಕು ಇಂಚಿನದ್ದು ಕಿಟಕಿಯ ಬದಿಗೆ, ಮೂಲೆಗೆ ಏನಿದ್ದರೂ ಬ್ರಶ್ಶೇ. ಕೊಳ್ಳುವಾಗ ರೋಮವನ್ನು ಬೆರಳಲ್ಲಿ ಹಿಡಿದು ಎಳೆದು ನೋಡಿ. ಕಿತ್ತು ಬಂದರೆ ನಾಳೆ ಅದು ಗೋಡೆಯಲ್ಲಿ ಇರುತ್ತದೆ. ಒಳಗಿನ ಕೊಳವೆ ರಟ್ಟಿನದ್ದಾದರೆ ಒಂದೇ ದಿನದಲ್ಲಿ ನೆನೆದು ಸಡಿಲವಾಗುತ್ತದೆ. ಮೂವತ್ತು ನಲವತ್ತು ರೂಪಾಯಿ ಉಳಿಸಲು ಹೋಗಿ ಸಾವಿರಾರು ರೂಪಾಯಿಯ ಪೈಂಟ್ ಕೆಡಿಸಬೇಡಿ.

ಇಷ್ಟು ಹೇಳಿಯೂ ನನ್ನ ನಿಜವಾದ ಚಿಂತೆ ಬೇರೆ. ನಮ್ಮ ಕಡೆಯ ಒಂದು ಕನ್ನಡ ಶಾಲೆಯಲ್ಲಿ, ಊರಿನ ಇಂಗ್ಲಿಷ್ ಮೀಡಿಯಂ ಶಾಲೆಯ ಹಾಗೆ ಹೊಳೆಯಬೇಕೆಂದು, ಬೀಡಿ ಕಟ್ಟುವ, ಅಡಿಕೆ ಸುಲಿಯುವ ತಾಯಂದಿರ ಹತ್ತಿರ ಹಣ ಕೂಡಿಸಿ ಹಳೆಯ ಕಟ್ಟಡಕ್ಕೆ ಎಮಲ್ಶನ್ ಹೊಡೆಸಿದರು. ರೋಲರ್ ಒಳ್ಳೆಯದೇ ಇತ್ತು. ಕೆಳಗೆ ಮಾತ್ರ ಅರುವತ್ತು ವರ್ಷದ ಸುಣ್ಣ ಪದರ ಪದರವಾಗಿ ಇತ್ತು, ಕೆರೆಯಲಿಲ್ಲ. ಕೆಲಸಕ್ಕೆ ಬಂದ ಹಿರಿಯ ಪೈಂಟರೊಬ್ಬರು "ಮಾಷ್ಟ್ರೇ, ಇದು ಹಿಡಿಯುವುದಿಲ್ಲ, ಕೈಗೆ ಹುಡಿ ಬರ್ತದೆ ನೋಡಿ" ಎಂದು ಅಲ್ಲಿನ ಅಧ್ಯಾಪಕರಿಗೆ ಅಂಗೈ ತೋರಿಸಿದ್ದರಂತೆ. ಎರಡನೇ ಮಳೆಗಾಲಕ್ಕೆ ಬಣ್ಣ ಹಪ್ಪಳದ ಹಾಗೆ ಎದ್ದು ಬಂತು. ಅದರ ಜೊತೆಗೆ ಗೋಡೆಯಲ್ಲಿ ಬರೆಸಿದ್ದ ಕನ್ನಡ ವರ್ಣಮಾಲೆಯೂ ಬಂತು. ಕಲ್ಲಿನ ತೇವ ಹೊರಗೆ ಹೋಗಲು ದಾರಿ ಇರಲಿಲ್ಲ, ಪೈಂಟಿಗೆ ಕಚ್ಚಿ ಹಿಡಿಯಲು ಗಟ್ಟಿ ನೆಲ ಇರಲಿಲ್ಲ. ಮಕ್ಕಳ ಸಂಖ್ಯೆ ಹೆಚ್ಚಿಸಲು ಮಾಡಿದ ಖರ್ಚು ಅದು.

ಆದ್ದರಿಂದ ಈ ಸಲದ ಮೀಟಿಂಗಿಗೆ ಮೊದಲು ನಿಮ್ಮ ಶಾಲೆಯ ಗೋಡೆಗೆ ಒಣ ಅಂಗೈ ಉಜ್ಜಿ ನೋಡಿ. ಬಿಳಿ ಹುಡಿ ಅಂಟಿದರೆ ಎರಡೇ ದಾರಿ. ಗಟ್ಟಿ ಪದರ ಸಿಗುವ ತನಕ ಕೆರೆದು, ತೊಳೆದು, ಚೆನ್ನಾಗಿ ಒಣಗಿಸಿ, ಪ್ರೈಮರ್ ಹಚ್ಚಿ ಮುಂದುವರಿಯುವುದು. ಅದಕ್ಕೆ ಹಣವೂ ಬಿಸಿಲಿನ ದಿನಗಳೂ ಬೇಕು, ಮೇ ಕೊನೆಯ ವಾರ ಶುರುಮಾಡಿದರೆ ಆಗುವುದಿಲ್ಲ. ಇಲ್ಲವಾದರೆ ಮುರಕಲ್ಲಿನ ಕಟ್ಟಡಕ್ಕೆ ಸುಣ್ಣವನ್ನೇ ಬಳಿಸಿ, ರೋಲರನ್ನು ಹೊಸ ಸಿಮೆಂಟ್ ಕಟ್ಟಡಕ್ಕೆ ಇಟ್ಟುಕೊಳ್ಳಿ. ನನ್ನನ್ನು ಕೇಳಿದರೆ ಎರಡನೆಯದೇ ಸರಿ. ಸುಣ್ಣದ ಗೋಡೆಯಲ್ಲಿ ಅಕ್ಷರ ಬರೆಸಲು ಆಗುವುದಿಲ್ಲ ಎನ್ನುವವರಿಗೆ ಒಂದು ಉಪಾಯ: ವರ್ಣಮಾಲೆಯನ್ನು ಪ್ಲೈವುಡ್ ಹಲಗೆಯ ಮೇಲೆ, ಗಿಡ್ಡ ರೋಮದ ರೋಲರಿನಲ್ಲಿ ಎರಡು ಸಲ ಬಣ್ಣ ಹೊಡೆದು ಒಣಗಿಸಿದ ಮೇಲೆ ಬರೆಸಿ, ಗೋಡೆಗೆ ತೂಗುಹಾಕಿ. ಮುಂದಿನ ವರ್ಷ ಸುಣ್ಣ ಬಳಿಯುವಾಗ ಇಳಿಸಿ ಇಟ್ಟರಾಯಿತು.