ವಿಮಾನಕ್ಕೂ ಲಾವಣಿ ಉಂಟು

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡೋಣ. ಬೆಳಗಾವಿಯ ಸಾಂಬ್ರಾದಲ್ಲಿ ವಿಮಾನ ಇಳೀತದೆ ಅಂದ್ಕೊಳ್ಳಿ. ಅದರ ಮಾಲೀಕರು ಯಾರು? ಬಾಲದ ಮೇಲೆ ಹೆಸರಿರೋ ಕಂಪನಿ ಅಂತೀರಿ. ಬಹಳ ಸಲ ಆ ಉತ್ತರ ತಪ್ಪು. ವಿಮಾನ ಬಾಡಿಗೆದು.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರಿಗೆ ಇದು ಹೊಸದಲ್ಲ. ನಮ್ಮಲ್ಲಿ ಹೊಲ ಒಬ್ಬರದು, ಕಬ್ಬು ಇನ್ನೊಬ್ಬರದು. ಅದಕ್ಕೆ ಲಾವಣಿ ಅಂತೀವಿ. ವಿಮಾನದ ಲಾವಣಿಯಲ್ಲಿ ಎರಡು ಬಗೆ. ಡ್ರೈ ಲೀಸ್ ಅಂದ್ರೆ ಬರೀ ವಿಮಾನ. ಪೈಲಟ್, ರಿಪೇರಿ, ವಿಮೆ ಎಲ್ಲ ತಗೊಂಡವರ ತಲೆಮೇಲೆ. ವೆಟ್ ಲೀಸ್ ಅಂದ್ರೆ ಅವೆಲ್ಲ ಕೊಟ್ಟವರದೇ, ಇಂಧನ ಮಾತ್ರ ಸಾಮಾನ್ಯವಾಗಿ ತಗೊಂಡವರದು. ಡ್ರೈವರ್ ಸಮೇತ ಟ್ರ್ಯಾಕ್ಟರ್ ಕರೆಸಿ, ಡೀಸೆಲ್ ನಾವೇ ಹಾಕಿಸಿದ ಹಾಗೆ.

ಚುನಾವಣೆ ಬಂದಾಗ ನಮ್ಮೂರಲ್ಲಿ ಇಳಿಯೋ ಹೆಲಿಕಾಪ್ಟರ್ ಚಾರ್ಟರ್, ಅಂದ್ರೆ ಗಂಟೆ ಲೆಕ್ಕದ ಬಾಡಿಗೆ. ಅದಕ್ಕೆ ಪರವಾನಗಿ ಇರೋ ಕಂಪನಿಯೇ ಬೇಕು; ಸ್ವಂತ ಬಳಕೆಗೆ ಅಂತ ನೋಂದಾಯಿಸಿದ್ದನ್ನು ದುಡ್ಡಿಗೆ ಓಡಿಸೋ ಹಾಗಿಲ್ಲ. ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 1997ರಲ್ಲಿ ಬೆಂಗಳೂರಿನಿಂದ ಶುರು ಮಾಡಿದ್ದು ಇಂಥ ಬಾಡಿಗೆ ಹೆಲಿಕಾಪ್ಟರ್ ಸೇವೆಯನ್ನೇ. 2003ರಲ್ಲಿ ಅವರ ಏರ್ ಡೆಕ್ಕನ್ ಬಂತು, ಅದೂ ಬಾಡಿಗೆ ತಂದ ಎಟಿಆರ್ ವಿಮಾನಗಳಿಂದ. ಕೊಳ್ಳೋಕೆ ಬಂಡವಾಳ ಇಲ್ಲದವರೂ ಹಾರಿಸಬಹುದು ಅಂತ ತೋರಿಸಿದ್ದು ಲೀಸ್.

ಈಗ ಎರಡು ಇಸವಿ ಪಕ್ಕಪಕ್ಕ ಇಡ್ತೀನಿ. 1974ರ ಮಾರ್ಚ್ 1ರಂದು ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಉಳುವವನೇ ಒಡೆಯ, ಇನ್ನು ಮುಂದೆ ಹೊಲ ಗೇಣಿಗೆ ಕೊಡೋ ಹಾಗಿಲ್ಲ. 1975ರಲ್ಲಿ ಐರ್ಲೆಂಡಿನ ಶ್ಯಾನನ್‌ನಲ್ಲಿ ಟೋನಿ ರಯಾನ್ ಜಿಪಿಎ ಅನ್ನೋ ವಿಮಾನ ಬಾಡಿಗೆ ಕಂಪನಿ ಕಟ್ಟಿದರು. ಹೊಲದ ಕಾನೂನು ಗೇಣಿದಾರನ ಕಡೆ ನಡೀತು. ವಿಮಾನದ ಕಾನೂನು ನಿಧಾನಕ್ಕೆ ಮಾಲೀಕರ ಕಡೆ ನಡೀತು.

2001ರಲ್ಲಿ ಕೇಪ್‌ಟೌನ್ ಒಪ್ಪಂದ ಆಯ್ತು. ಬಾಡಿಗೆ ಕಟ್ಟದಿದ್ರೆ ಮಾಲೀಕರು ವಿಮಾನ ಬೇಗ ವಾಪಸ್ ಪಡೀಬೇಕು ಅನ್ನೋದು ಅದರ ಸಾರ. ಭಾರತ 2008ರಲ್ಲಿ ಸೇರಿತು, ಆದ್ರೆ ನಡೆಸಿಕೊಡೋದು ಕಷ್ಟ ಆಯ್ತು. 2012ರಲ್ಲಿ ಬೆಂಗಳೂರಿನ ಕಿಂಗ್‌ಫಿಶರ್ ನಿಂತಾಗ ಮಾಲೀಕರು ವಿಮಾನಗಳಿಗಾಗಿ ಕೋರ್ಟಿಗೆ ಅಲೆದರು. 2023ರ ಮೇನಲ್ಲಿ ಗೋ ಫಸ್ಟ್ ದಿವಾಳಿ ಅರ್ಜಿ ಹಾಕಿತು. ಅದರ 54 ವಿಮಾನಗಳ ನೋಂದಣಿ ರದ್ದು ಮಾಡಿ ಅಂತ ದೆಹಲಿ ಹೈಕೋರ್ಟ್ ಹೇಳಿದ್ದು 2024ರ ಏಪ್ರಿಲ್‌ನಲ್ಲಿ. 2025ರಲ್ಲಿ ಸಂಸತ್ತು ಮಾಲೀಕರ ಹಕ್ಕಿಗಾಗಿಯೇ ಕಾನೂನು ಮಾಡಿತು. ವಿಮಾನ ವಾಪಸ್ ಬರುತ್ತೆ ಅನ್ನೋ ನಂಬಿಕೆ ಇದ್ರೇನೇ ಬಾಡಿಗೆ ಇಳಿಯೋದು, ಅನ್ನೋದು ವಾದ.

ಇದನ್ನೆಲ್ಲ ಓದುವಾಗ ನನಗೆ ಅಪ್ಪ ನೆನಪಾದರು. ಮೂಡಲಗಿ ಹತ್ತಿರ ಎರಡು ಎಕರೆ ಲಾವಣಿ ಹಿಡಿದಿದ್ದರು, ಬಾಯಿಮಾತಿನ ಮೇಲೆ. ಕಾಗದ ಮಾಡಿದ್ರೆ ಹೊಲ ಹೋಗ್ತದೆ ಅಂತ ಒಡೆಯರಿಗೆ ಭಯ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿ ಕಬ್ಬು ಕೊಳೀತು. ಪರಿಹಾರದ ದುಡ್ಡು ಉತಾರದಲ್ಲಿ ಹೆಸರಿದ್ದವರಿಗೆ ಬಂತು. "ಹೊಲ ಅವರದ, ಪರಿಹಾರಾನೂ ಅವರದ. ನಂದು ಬರೇ ಬೆವರು," ಅಂದ್ರು ಅಪ್ಪ.

1974ರ ಕಾನೂನು ತಪ್ಪು ಅಂತ ನಾನು ಹೇಳ್ತಿಲ್ಲ. ಅದರಿಂದ ಹೊಲ ಸಿಕ್ಕ ಮನೆಗಳು ನಮ್ಮ ಓಣಿಯಲ್ಲೇ ಇವೆ. ಆದ್ರೆ ನೂರಾರು ಕೋಟಿಯ ವಿಮಾನಕ್ಕೆ ಕೊಟ್ಟವರು, ತಗೊಂಡವರು ಇಬ್ಬರ ಹೆಸರೂ ಇರೋ ಕಾಗದ ಉಂಟು. ಎರಡು ಎಕರೆ ಕಬ್ಬಿಗೆ ಇಲ್ಲ. ಮುಂದಿನ ಸಲ ತಲೆ ಮೇಲೆ ವಿಮಾನ ಹಾದಾಗ, ಕೆಳಗಿನ ಹೊಲದಲ್ಲಿ ಯಾರು ದುಡೀತಿದ್ದಾರೆ ಅಂತಾನೂ ಒಮ್ಮೆ ನೋಡ್ರಿ. ಮತ್ತೆ ಸಿಗೋಣ.