ಮಕ್ಕಳು ಬಿಡದ ಪ್ರಾಸ

ಹಿರೇಹಳ್ಳಿಯ ಪುಟ್ಟ ಮಗುವೊಂದು ‘ಪುಸ್ತಕ-ಗಿಸ್ತಕ’ ಎಂದು ಪದ ಕಟ್ಟಿ ಹಾಡಿದರೆ, ಅರ್ಥವಿಲ್ಲದ ಮಾತೆಂದು ಗದರಬೇಡಿ. ಮೊದಲ ಅಕ್ಷರ ಬದಲಾಗಿದೆ, ಎರಡನೆಯದು ಹಾಗೆಯೇ ಉಳಿದಿದೆ. ಕಾವ್ಯದಲ್ಲಿ ಸಾಲು ಸಾಲಿನ ಎರಡನೆಯ ಅಕ್ಷರ ಹೀಗೆ ಹೊಂದಿದರೆ ಅದೇ ದ್ವಿತೀಯಾಕ್ಷರ ಪ್ರಾಸ! 9ನೆಯ ಶತಮಾನದ ‘ಕವಿರಾಜಮಾರ್ಗ’ದಲ್ಲೇ ಪ್ರಾಸಕ್ಕೆ ದೊಡ್ಡ ಸ್ಥಾನವಿದೆ. ಸಾವಿರ ವರ್ಷ ಹೆಚ್ಚಿನ ಕವಿಗಳು ಅದನ್ನು ಪಾಲಿಸಿದರು. 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಧೈರ್ಯದಿಂದ ಕೈಬಿಟ್ಟರು. ಮುಂದೆ ಹೊಸ ಕವಿತೆಯೂ ಅದೇ ದಾರಿ ಹಿಡಿಯಿತು.

ಮಕ್ಕಳು ಮಾತ್ರ ಬಿಡಲಿಲ್ಲ. ಅವರಿಗೆ ಛಂದಸ್ಸು ಕಲಿಸಿದವರಾದರೂ ಯಾರು? ಮಕ್ಕಳಿಗೆ ಪಾಠ ಹೇಳುತ್ತಲೇ ‘ತುತ್ತೂರಿ’ ಬರೆದ ಜಿ.ಪಿ. ರಾಜರತ್ನಂ ಅವರಿಗೆ ಈ ಕಿವಿಯ ರುಚಿ ಗೊತ್ತಿತ್ತು. ನಮ್ಮ ಮನೆಗಳ ಮಕ್ಕಳಿಗಂತೂ ಇದು ಎರಡು ಪಾಲು: ಶಾಲೆಯಲ್ಲಿ ‘ಪುಸ್ತಕ-ಗಿಸ್ತಕ’, ಮನೆಯ ಉರ್ದುವಿನಲ್ಲಿ ‘ಕಿತಾಬ್-ವಿತಾಬ್’.